ಎದೆ ತೊಳೆದ ನೀರು

ಮೊದಲು ಹೋದದ್ದು ಕೆಂಪು ಬಣ್ಣ. ಅಕ್ಕಲಕೋಟೆಗೆ ಸಮೀಪದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಮಾಸ್ತರ. ಒಂದು ಮಧ್ಯಾಹ್ನ ಮೂರನೆಯ ತರಗತಿಯ ಮಕ್ಕಳ ಶುದ್ಧಬರಹ ತಿದ್ದುತ್ತ ಕೂತಿದ್ದೆ. ನನ್ನ ಕೆಂಪು ಪೆನ್ನಿನ ಗೆರೆ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮಸಿ ಮುಗಿಯುತ್ತ ಬಂದಿದೆಯೆಂದು ಪೆನ್ನು ಜಾಡಿಸಿದೆ, ಕಾಗದದ ಮೇಲೆ ಸುತ್ತು ಹಾಕಿ ನೋಡಿದೆ. ಮೇಜಿನ ಪಕ್ಕ ನಿಂತಿದ್ದ ಹುಡುಗಿ, "ಸರ್, ಪೆನ್ನ ಬರೋಬರ್ ಅದರಿ. ಕೆಂಪಗ ಮೂಡಾಕತ್ತದ," ಎಂದಳು. ಎಡಗಣ್ಣು ಮುಚ್ಚಿ ನೋಡಿದೆ. ಇಟ್ಟಿಗೆ. ಬಲಗಣ್ಣು ಮುಚ್ಚಿ ನೋಡಿದೆ. ಕುಂಕುಮದಂಥ ಕೆಂಪು. ಸರ್ ಏನೋ ಆಟ ಆಡುತ್ತಿದ್ದಾರೆ ಅಂದುಕೊಂಡು ಹುಡುಗಿ ನಕ್ಕಳು.

ಮೂರು ದಿನದಲ್ಲಿ ಬಲಗಣ್ಣಿನ ಮುಂದೆ ಹಬೆ ಹಿಡಿದ ಗಾಜು ಇಟ್ಟಂತಾಯಿತು. ಕಣ್ಣು ಹೊರಳಿಸಿದರೆ ಅದರ ಹಿಂದೆ ಯಾರೋ ದಾರ ಕಟ್ಟಿ ಜಗ್ಗಿದಂಥ ನೋವು. ಸೊಲ್ಲಾಪುರದ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣು ಚೆನ್ನಾಗಿಯೇ ಇದೆ, ಅದರ ಹಿಂದಿನ ನರ ಬಾತಿದೆ ಎಂದು ಚೀಟಿ ಬರೆದು ನರರೋಗದ ಡಾಕ್ಟರ ಬಳಿ ಕಳಿಸಿದರು. ಅವರು ಕಲಬುರ್ಗಿ ಕಡೆಯ ಹೆಣ್ಣುಮಗಳು. ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವರಿರಬೇಕು. ನಾನು ಮರಾಠಿಯಲ್ಲಿ ತಡವರಿಸಿ ಶುರು ಮಾಡಿದಾಗ, "ಕನ್ನಡದಾಗ ಹೇಳ್ರಿ ಮಾಸ್ತರ, ನನಗೂ ಹಗುರ ಆಗ್ತದ," ಎಂದರು.

ಐದು ದಿನ ಸಲಾಯಿನ್ ಬಾಟಲಿಯಲ್ಲಿ ಔಷಧ ಹೋಯಿತು. ಮೆದುಳಿನ ಸ್ಕ್ಯಾನ್ ಆಯಿತು. ಬೆನ್ನಿನಿಂದ ನೀರು ತೆಗೆದರು. ಆಮೇಲೆ ಡಾಕ್ಟರು ನನ್ನನ್ನೂ ನನ್ನ ಹೆಂಡತಿಯನ್ನೂ ಎದುರಿಗೆ ಕೂಡಿಸಿಕೊಂಡು ಸ್ಕ್ಯಾನಿನ ಚಿತ್ರ ತೋರಿಸಿದರು. ಬೂದು ಬಣ್ಣದ ನಡುವೆ ಅಲ್ಲಲ್ಲಿ ಬಿಳಿ ಚುಕ್ಕೆ.

"ಕರೆಂಟಿನ ವಾಯರ್ ಮ್ಯಾಲ ಪ್ಲಾಸ್ಟಿಕ್ ಇರ್ತದಲ್ಲರಿ, ಹಂಗ ನರದ ಮ್ಯಾಲ ಒಂದು ಹೊದಿಕಿ ಇರ್ತದ. ರೋಗದ ಜೋಡಿ ಹೊಡದಾಡಬೇಕಾದ ನಿಮ್ಮ ಮೈಯಾಗಿನ ಶಕ್ತಿನ ತಪ್ಪಿ ಆ ಹೊದಿಕಿ ತಿನ್ನಾಕತ್ತದ. ಈ ಬಿಳಿ ಚುಕ್ಕಿ ಅದರ ಗುರುತು." ರೋಗದ ಹೆಸರನ್ನು ನಿಧಾನಕ್ಕೆ ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್.

ಹೆಂಡತಿ ಕೇಳಿದಳು, "ಎಂದ ಕಡಿಮಿ ಆಗ್ತದರಿ?"

"ಪೂರಾ ಹೋಗೂದಿಲ್ಲಮ್ಮ. ಗುಳಿಗಿ ಕೊಟ್ಟು ಹಿಡದ ಇಡೂಣು."

ಆಮೇಲೆ ಪ್ರಶ್ನೆಗಳು. ಮನೆಯಲ್ಲಿ ಯಾರಿಗಾದರೂ ಇತ್ತೆ, ಚಿಕ್ಕಂದಿನಲ್ಲಿ ದೊಡ್ಡ ಜ್ವರ ಬಂದಿತ್ತೆ, ಬಿಸಿಲಲ್ಲಿ ತ್ರಾಸ ಹೆಚ್ಚಾಗುತ್ತದೆಯೆ. ಡಾಕ್ಟರು ತಲೆ ತಗ್ಗಿಸಿ ಬರೆದುಕೊಳ್ಳುತ್ತಲೇ ಇದ್ದರು.

"ಬೀಡಿ, ಸಿಗರೇಟ್?"

"ಇಲ್ಲರಿ," ಎಂದೆ.

ಪಕ್ಕದಲ್ಲಿ ಹೆಂಡತಿ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. ಡಾಕ್ಟರು ಕಾಗದದ ಮೇಲೆ ಒಂದು ಅಡ್ಡಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದರು. ಅವತ್ತು ಬೆಳಿಗ್ಗೆ ಬಸ್ ಹತ್ತುವ ಮೊದಲೇ ನಾನು ಎರಡು ಬೀಡಿ ಸೇದಿದ್ದೆ.

ಯಾಕೆ ಸುಳ್ಳು ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ದೊಡ್ಡ ಕಾರಣವೇನೂ ಇರಲಿಲ್ಲ. ನಮ್ಮದು ಚಪಳಗಾಂವದ ಕುರಿಯವರ ಮನೆತನ. ಅಪ್ಪ, ಅಣ್ಣ, ಕಾಕಾಗಳೆಲ್ಲ ಕುರಿಯ ಹಿಂದೆ ತಿರುಗಿದವರು. ಮನೆಯಲ್ಲಿ ಡಿ.ಎಡ್. ಮಾಡಿ ಮಾಸ್ತರನಾದವನು ನಾನೊಬ್ಬನೇ. ಅಪ್ಪನಿಗೆ ಬೀಡಿ ಬೇಕಾದಾಗ ಒಲೆಯ ಕೆಂಡಕ್ಕೆ ಹಿಡಿದು ಹೊತ್ತಿಸಿ ತರುವ ಕೆಲಸ ಚಿಕ್ಕಂದಿನಲ್ಲಿ ನನ್ನದಾಗಿತ್ತು. ಅಂಗಳ ದಾಟುವಷ್ಟರಲ್ಲಿ ಆರಬಾರದೆಂದು ಒಂದು ದಮ್ಮು ಎಳೆಯುತ್ತಿದ್ದೆ. ಹತ್ತನೆಯ ತರಗತಿ ಮುಗಿಯುವಷ್ಟರಲ್ಲಿ ಅದು ನನ್ನದೇ ಬೀಡಿಯಾಗಿತ್ತು. ಮಾಸ್ತರನಾದ ಮೇಲೆ ಮುಚ್ಚಿಟ್ಟು ಸೇದುವುದು ಕಲಿತೆ. ಊರಿನವರು ನಮಸ್ಕಾರ ಮಾಡುವ ಮನುಷ್ಯನ ಬಾಯಲ್ಲಿ ಬೀಡಿ ಇರಬಾರದು. ನಮ್ಮ ಶಾಲೆಯ ಗೋಡೆಯ ಮೇಲೆ 'ತಂಬಾಕುಮುಕ್ತ ಶಾಲೆ' ಎಂದು ಬರೆಯಬೇಕಾದಾಗ ಅಕ್ಷರ ದುಂಡಗಿದೆಯೆಂದು ಆ ಕೆಲಸ ನನಗೇ ಬಂತು. ನೀಲಿ ಬಣ್ಣದಲ್ಲಿ ಬರೆದೆ, ಮೇಲೊಂದು ಎಲೆ, ಎಲೆಯ ಮೇಲೆ ಅಡ್ಡಗೀಟು. ಕುಂಚ ತೊಳೆಯಲಿಕ್ಕೆಂದು ನೀರಿನ ಟಾಕಿಯ ಹಿಂದೆ ಹೋಗಿ ಅಲ್ಲೇ ಒಂದು ಸೇದಿದೆ. ಹೀಗೆ ವರ್ಷಗಟ್ಟಲೆ ಎಲ್ಲರಿಗೂ 'ಇಲ್ಲ' ಎಂದು ಹೇಳಿ ರೂಢಿಯಾಗಿತ್ತು. ಡಾಕ್ಟರು ಕೇಳಿದಾಗಲೂ ನಾಲಗೆ ತನ್ನ ರೂಢಿಯ ಮಾತನ್ನೇ ಆಡಿತು.

ಕಣ್ಣು ಒಂದೂವರೆ ತಿಂಗಳಲ್ಲಿ ಬಹುಮಟ್ಟಿಗೆ ಮರಳಿತು. ಅದೇ ನನ್ನನ್ನು ಕೆಡಿಸಿತು. ರೋಗ ಬಂದು ಹೋಯಿತು ಅಂದುಕೊಂಡೆ. ದಿನಾ ಗುಳಿಗೆ ನುಂಗುತ್ತಿದ್ದೆ, ದಿನಾ ಹತ್ತು ಹನ್ನೆರಡು ಬೀಡಿಯನ್ನೂ ಸೇದುತ್ತಿದ್ದೆ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ? ರೋಗ ಮೆದುಳಿನದು, ಹೊಗೆ ಹೋಗುವುದು ಎದೆಗೆ. ವಿಜ್ಞಾನ ಪಾಠ ಮಾಡುವ ಮಾಸ್ತರ ಹೀಗೆ ಲೆಕ್ಕ ಹಾಕಿಕೊಂಡಿದ್ದ.

ಮರುವರ್ಷದ ಬೇಸಿಗೆಯಲ್ಲಿ ಕಾಲಿನ ಸರದಿ ಬಂತು. ಸೊಲ್ಲಾಪುರದ ಮೇ ತಿಂಗಳ ಬಿಸಿಲು ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬಸ್ ಸ್ಟ್ಯಾಂಡಿನಿಂದ ದವಾಖಾನೆಗೆ ನಡೆದು ಹೋಗುತ್ತಿದ್ದಾಗ ಬಲಗಾಲು ಹಸಿ ಹಿಟ್ಟಿನಂತೆ ಮೆತ್ತಗಾಗಿ ಮಡಚಿಕೊಂಡಿತು. ಚಾದರ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಂಗಡಿಯವ ಒಂದು ಟವೆಲ್ ನೀರಲ್ಲಿ ಅದ್ದಿ ಕುತ್ತಿಗೆಗೆ ಹಾಕಿದ. ಕಾಲು ಗಂಟೆಯಲ್ಲಿ ಕಾಲಿಗೆ ಜೀವ ಬಂತು. ಬಿಸಿಲಿಗೆ ಹೀಗಾಗುತ್ತದೆ, ಹೊದಿಕೆ ಕಿತ್ತ ನರ ಕಾವು ತಾಳುವುದಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಎರಡು ತಿಂಗಳಾದ ಮೇಲೆ ಎದೆಯ ಸುತ್ತ ಯಾರೋ ಹಗ್ಗ ಬಿಗಿದ ಹಾಗೆ ಆಗಿ, ಸೊಂಟದ ಕೆಳಗೆ ಮರಗಟ್ಟಿದಾಗ ಅದು ಬಿಸಿಲಲ್ಲ, ಮಳೆಗಾಲ ಶುರುವಾಗಿತ್ತು. ಮತ್ತೆ ಐದು ದಿನ ಸಲಾಯಿನ್. ಕಾಲು ಅರ್ಧ ಮರಳಿತು. ಕೈಗೆ ಕೋಲು ಬಂತು.

ಡಾಕ್ಟರು ಗೊಂದಲದಲ್ಲಿದ್ದರು. ಹೊಸ ಸ್ಕ್ಯಾನನ್ನು ಹಳೆಯದರ ಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಗುಳಿಗಿ ಒಂದೂ ತಪ್ಪಿಸಿಲ್ಲಲ್ಲರಿ ಮಾಸ್ತರ?"

"ಇಲ್ಲರಿ. ಒಂದೂ ಇಲ್ಲ." ಇದು ನಿಜವಾಗಿತ್ತು.

"ಹಂಗಾದರ ರೋಗ ಇಷ್ಟು ಲಗೂ ಮುಂದ ಹೋಗಬಾರದಿತ್ತು. ಯಾಕೋ ತಿಳೀವಲ್ದು." ಅವರ ದನಿಯಲ್ಲಿ ತಾವೇ ಎಲ್ಲೋ ತಪ್ಪಿದೆವೆಂಬ ಅಳುಕಿತ್ತು. ನಾನು ಕೋಲಿನ ಹಿಡಿಕೆ ನೋಡುತ್ತ ಕೂತೆ. ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಒಂದು ವರ್ಷ ಹಳೆಯದಾದ ಸುಳ್ಳನ್ನು ಎಲ್ಲಿಂದ ಬಿಚ್ಚಬೇಕು? 'ಆಗ ಯಾಕ ಹೇಳಲಿಲ್ಲ' ಎಂದು ಕೇಳುತ್ತಾರೆ. ಹೆಂಡತಿ ಪಕ್ಕದಲ್ಲೇ ಇದ್ದಾಳೆ. ಬಾಯಿ ಮುಚ್ಚಿಕೊಂಡೆ.

ಗುಳಿಗೆ ಸಾಲದು, ರಕ್ತನಾಳಕ್ಕೆ ಹಾಕುವ ಬಲವಾದ ಔಷಧ ಕೊಡಬೇಕು ಎಂದಾಯಿತು. ಆ ಔಷಧ ಮೈಯ ಕಾವಲನ್ನೇ ತಗ್ಗಿಸುವಂಥದ್ದು, ಒಳಗೆ ಟಿ.ಬಿ. ಅಡಗಿದ್ದರೆ ಅದು ಭುಗಿಲೇಳುತ್ತದೆ. ಹಾಗಾಗಿ ಮೊದಲು ಎದೆಯ ತಪಾಸಣೆ. ನನಗೆ ಆಗಲೇ ಒಣ ಕೆಮ್ಮು ಇತ್ತು, ಎದೆಯ ಸ್ಕ್ಯಾನಿನಲ್ಲಿ ಸಣ್ಣ ನೆರಳೂ ಕಂಡಿತು. ಕಫದ ಪರೀಕ್ಷೆಯಲ್ಲಿ ಏನೂ ತಿಳಿಯಲಿಲ್ಲ. ಎದೆಯ ಡಾಕ್ಟರು ಮೂಗಿನಿಂದ ತೆಳ್ಳನೆಯ ಕೊಳವೆ ಇಳಿಸಿ, ಶ್ವಾಸಕೋಶದ ಒಂದು ಮೂಲೆಗೆ ಉಪ್ಪುನೀರು ಬಿಟ್ಟು, ತೊಳೆದು, ಅದನ್ನೇ ಹೀರಿ ಹೊರಗೆ ತೆಗೆಯುತ್ತಾರೆ ಎಂದು ನರದ ಡಾಕ್ಟರು ಹೇಳಿದರು. ಆ ನೀರಿನಲ್ಲಿ ಏನಿದೆ ಎಂದು ನೋಡುತ್ತಾರಂತೆ.

ಅದು ಹೆದರಿದಷ್ಟು ನೋವಾಗಲಿಲ್ಲ. ಗಂಟಲಿಗೆ ಕಹಿ ಔಷಧ ಸಿಂಪಡಿಸಿದರು, ನಾಲಗೆ ಯಾರದೋ ಅನ್ನಿಸಿತು, ಜೋಂಪು ಬಂತು. ನೀರು ಒಳಗೆ ಇಳಿದಾಗ ಮುಳುಗುತ್ತಿದ್ದೇನೆ ಅನ್ನಿಸಿ ನರ್ಸಿನ ಕೈ ಹಿಡಿದುಕೊಂಡದ್ದು ನೆನಪಿದೆ. ಎಚ್ಚರಾದಾಗ ಮಂಚದ ಪಕ್ಕದ ಟ್ರೇಯಲ್ಲಿ ಒಂದು ಪಾರದರ್ಶಕ ಡಬ್ಬಿ ಇತ್ತು. ಅದರಲ್ಲಿ ಬೆರಳುದ್ದ ನೀರು. ತಿಳಿಯಾದ ಉಪ್ಪುನೀರು ಬಿಟ್ಟಿದ್ದರಲ್ಲ, ಹೊರಬಂದದ್ದು ಮೂರು ಸಲ ಕಾಯಿಸಿದ ಚಹಾದ ಬಣ್ಣದ್ದು. ತಳದಲ್ಲಿ ಕಪ್ಪು ಚುಕ್ಕೆಗಳು ಅಲೆದಾಡುತ್ತಿದ್ದವು.

ಎದೆಯ ಡಾಕ್ಟರು ಮರಾಠಿಯವರು. ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, ಸಿಟ್ಟೂ ಇಲ್ಲದೆ ನಗೆಯೂ ಇಲ್ಲದೆ, "ಮಾಸ್ತರ, ಕಿತೀ ವರ್ಷಂ ಬೀಡಿ ಓಢತಾ?" ಎಂದರು. ಎಷ್ಟು ವರ್ಷದಿಂದ ಬೀಡಿ ಎಳೆಯುತ್ತೀರಿ ಎಂದು. ಸೇದುತ್ತೀರಾ ಎಂದು ಅವರು ಕೇಳಲೇ ಇಲ್ಲ.

ಗಂಟಲು ಇನ್ನೂ ಮರಗಟ್ಟಿತ್ತು, ಮಾತು ಹೊರಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಹೆಂಡತಿ ಉತ್ತರ ಕೊಟ್ಟಳು. "ಲಗ್ನಾಚ್ಯಾ ಆಧೀಪಾಸೂನ್," ಎಂದಳು. ಮದುವೆಗೆ ಮುಂಚಿನಿಂದ.

ಅವಳು ಹೇಳಿದ್ದು ಅಷ್ಟೇ. ಎದೆಯ ಡಾಕ್ಟರು ಬರೆದುಕೊಂಡು ಹೋದರು. ನಾವಿಬ್ಬರೇ ಉಳಿದೆವು. ಅವಳು ಮಂಚದ ತುದಿಗೆ ಕೂತು ನನ್ನ ಕಾಲ ಮೇಲಿನ ಚಾದರ ಸರಿಮಾಡಿದಳು, ಸರಿಯಾಗಿದ್ದದ್ದನ್ನೇ ಮತ್ತೆ ಸರಿಮಾಡಿದಳು.

"ನಿನಗ ಗೊತ್ತಿತ್ತೇನ?" ಎಂದೆ. ದನಿ ತೊದಲುತ್ತಿತ್ತು.

"ಗೊತ್ತಿಲ್ಲದ ಏನ್ರಿ? ಹದಿನಾಲ್ಕು ವರ್ಷ ನಿಮ್ಮ ಅಂಗಿ ಒಗದೀನಿ."

"ಮತ್ತ ಅವತ್ತ ಡಾಕ್ಟರ ಮುಂದ ಯಾಕ ಸುಮ್ಮ ಕುಂತಿ?"

"ಡಾಕ್ಟರ ಎದುರಿಗೆ ಮಾಸ್ತರನ್ನ ಸುಳ್ಳುಗಾರ ಮಾಡಬಾರದು ಅಂತ ಸುಮ್ಮ ಕುಂತೆ. ನಿಮ್ಮ ಮಾನ ನೋಡಿದೆ ನಾ. ಒಬ್ಬಾಕಿನ ಹೋಗಿ ಹೇಳಿ ಬರೂಣು ಅಂತ ಎರಡ ಸಲ ಬಸ್ ಸ್ಟ್ಯಾಂಡ್ ತನಕ ಬಂದು ಹೊಳ್ಳಿ ಹೋಗೀನಿ. ನಾ ಆಗ ಹೇಳಿದ್ರ…" ಎಂದಳು. ಅವಳು ಅಳುವ ಹೆಂಗಸಲ್ಲ. ಗಾರ್ಮೆಂಟಿನಲ್ಲಿ ದಿನಕ್ಕೆ ಎಂಟು ತಾಸು ಶಾಲೆಯ ಸಮವಸ್ತ್ರ ಹೊಲಿದು ಗಟ್ಟಿಯಾದವಳು. ಅವತ್ತು ಅತ್ತಳು. ನನ್ನ ಸುಳ್ಳಿನ ಅರ್ಧ ಭಾರವನ್ನು ಅವಳು ತನ್ನದೆಂದು ಹೊತ್ತುಕೊಂಡಿದ್ದಾಳೆ ಅನ್ನುವುದು ನನಗೆ ಆ ತನಕ ಹೊಳೆದೇ ಇರಲಿಲ್ಲ. ಕೈ ಚಾಚಿ ಹಿಡಿಯಬೇಕೆಂದರೆ ಕೈಗೆ ಸಲಾಯಿನ್ ಸೂಜಿ ಚುಚ್ಚಿತ್ತು.

ನಾಲ್ಕು ದಿನದ ಮೇಲೆ ವರದಿ ಬಂತು. ಟಿ.ಬಿ. ಇರಲಿಲ್ಲ. ನರದ ಡಾಕ್ಟರು ವರದಿಯನ್ನು ಎರಡು ಸಲ ಓದಿದರು. ನಾನು ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವರು ಬೈಯಲಿಲ್ಲ. ಕುರ್ಚಿಯನ್ನು ಸ್ವಲ್ಪ ಮುಂದೆ ಜರುಗಿಸಿಕೊಂಡು, ಕಲಿಸುವವರ ಹಾಗೆ ಹೇಳಿದರು.

"ನೋಡ್ರಿ ಮಾಸ್ತರ. ಫುಪ್ಪುಸದಾಗ ಒಂದು ಕಾವಲು ಪಡೆ ಇರ್ತದ. ಉಸಿರಿನ ಜೋಡಿ ಒಳಗ ಬಂದ ಧೂಳ, ರೋಗಾಣು, ಎಲ್ಲಾ ನುಂಗಿ ಸ್ವಚ್ಛ ಮಾಡೂದು ಅದರ ಕೆಲಸ. ಈ ವರದಿಯೊಳಗ ಬರದಾರ, ನಿಮ್ಮ ಆ ಕಾವಲಿನ ಜೀವಕಣಗಳ ಹೊಟ್ಟಿ ತುಂಬ ಮಸಿ ಅದ. ದಿನಾ ಹೊಗಿ ಬಂದ್ರ ಅವಕ್ಕ ದಿನಾ ಶತ್ರು ಬಂದಂಗ. ಎಂದೂ ಮಲಗಂಗಿಲ್ಲ. ಸಿಟ್ಟಿನ್ಯಾಗ ಒದರತಾವ, ಒದರಿ ಒದರಿ ಬ್ಯಾರೆ ಕಣಗಳನ್ನೂ ಎಬ್ಬಸ್ತಾವ. ಹಂಗ ಎದ್ದ ಕಣ ರಕ್ತದಾಗ ಇಳದು ಮೆದುಳಿನ ದಾರಿ ಹಿಡೀತಾವ, ಅಲ್ಲಿ ಹೋಗಿ ನರದ ಹೊದಿಕಿ ಹರೀತಾವ ಅಂತ ಈ ರೋಗದ ಬಗ್ಗೆ ಕೆಲಸ ಮಾಡೋರು ಹೇಳ್ತಾರ. ಪೂರಾ ಖಾತ್ರಿ ಆಗಿಲ್ಲ. ಇನ್ನಾ ಹುಡಕಾಕತ್ತಾರ."

"ಹಂಗಾದರ ನನ್ನ ರೋಗ ಬೀಡಿಯಿಂದ ಬಂತೇನ್ರಿ?"

"ಹಂಗ ಹೇಳಾಕ ಬರೂದಿಲ್ಲ. ಎಂದೂ ಸೇದಲಾರದ ಹೆಣ್ಣಮಕ್ಕಳಿಗೂ ಬಂದದ. ಆದರ ಸೇದೋರಿಗೆ ಈ ರೋಗ ಲಗೂ ಮುಂದ ಹೋಗ್ತದ ಅನ್ನೂದು ಗೊತ್ತದ. ಇನ್ನೊಂದು ಮಾತು. ಸುಮ್ಮ ಸುಮ್ಮನ ಒದರಿ ದಣದ ಕಾವಲಿನ್ಯಾವ ಖರೇ ಕಳ್ಳ ಬಂದಾಗ ಏಳಂಗಿಲ್ಲ. ಈಗ ನಾ ಕೊಡೋ ಔಷಧ ಇದ್ದ ಕಾವಲೂ ಕಡಿಮಿ ಮಾಡ್ತದ. ಅದರ ಮ್ಯಾಲ ನೀವು ಹೊಗಿ ಹಾಕಿದ್ರ ಎದಿಗೆ ರೋಗಾಣು ಹತ್ತಿದಾಗ ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ನಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಕೇಳಿದೆ. "ಮೊದಲನೇ ದಿನಾನ ನಾ ಖರೇ ಹೇಳಿದ್ರ, ಆಗ ಬಿಟ್ಟಿದ್ರ, ಕಾಲು ಉಳೀತಿತ್ತೇನ್ರಿ?"

ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಗೊತ್ತಿಲ್ಲ ಮಾಸ್ತರ. ಯಾರಿಗೂ ಗೊತ್ತಾಗಂಗಿಲ್ಲ."

ಹೌದು ಎಂದಿದ್ದರೆ ಅಪರಾಧಿಯಾಗಿ ಬದುಕುವುದು ಕಲಿಯುತ್ತಿದ್ದೆ. ಇಲ್ಲ ಎಂದಿದ್ದರೆ ಹಗುರಾಗುತ್ತಿದ್ದೆ. ಅವರಿಗೆ ಎರಡನ್ನೂ ಕೊಡಲಾಗಲಿಲ್ಲ.

ಆ ವಾರ ಅಪ್ಪ ಚಪಳಗಾಂವದಿಂದ ಬಂದ. ಅವನಿಗೆ ಎಂಬತ್ತರ ಹತ್ತಿರ. ಇವತ್ತಿಗೂ ಅಣ್ಣನ ಜೊತೆ ಕುರಿ ಬಿಟ್ಟುಕೊಂಡು ಹೋಗುತ್ತಾನೆ, ಇವತ್ತಿಗೂ ಬೀಡಿ ಸೇದುತ್ತಾನೆ, ಕೆಮ್ಮುವುದು ಕೂಡ ಇಲ್ಲ. ನಮ್ಮ ಕುಲದೇವರು ಬೀರೋಬಾನ ಭಂಡಾರ ಕಟ್ಟಿಕೊಂಡು ಬಂದು ನನ್ನ ಹಣೆಗೂ ಎರಡೂ ಮೊಣಕಾಲಿಗೂ ಹಚ್ಚಿದ. ಮೊಣಕಾಲೆಲ್ಲ ಅರಿಶಿನ. ಆಮೇಲೆ ಹೊಸ್ತಿಲಲ್ಲಿ ಕೂತು ಡಾಕ್ಟರು ಏನಂದರು ಎಂದು ಕೇಳಿದ.

ಕಣ, ಕಾವಲು ಎಂದರೆ ಅವನಿಗೆ ತಿಳಿಯುವುದಿಲ್ಲ. ಅವನ ಮಾತಿನಲ್ಲೇ ಹೇಳಿದೆ. "ಹಟ್ಟಿ ಕಾಯೋ ನಾಯಿ ಇರ್ತದಲ್ಲ ಅಪ್ಪ. ಅದು ಕುರಿನ ತ್ವಾಳ ಅಂತ ತಿಳಕೊಂಡು ಕಡಿಯಾಕ ಹತ್ತಿದಂಗ ಆಗೇದಂತ. ಹೊಗಿ ಬಂದಾಗೆಲ್ಲ ಅದಕ್ಕ ಮತ್ತಷ್ಟು ಹುಚ್ಚ ಹಿಡೀತದಂತ."

"ನಮ್ಮ ಹಟ್ಟ್ಯಾಗ ಒಂದು ಹಂಗ ಕೆಟ್ಟಿತ್ತು," ಎಂದ ಅಪ್ಪ. "ನೀ ಹುಟ್ಟೂದಕ್ಕ ಮದಲ. ಹಾದಿ ಮ್ಯಾಲ ಹೋಗೋರೆಲ್ಲಾ ಅದಕ್ಕ ದಿನಾ ಕಲ್ಲ ಒಗದು ಒಗದು ಕಾಡಸ್ತಿದ್ರು. ಒಂದ ದಿನ ನಮ್ಮದ ಮರಿ ಹಿಡೀತು. ನಾಯಿ ಕೆಟ್ಟರ ನಾಯಿ ತಪ್ಪಲ್ಲೋ. ಕಾಡಿಸಿದವರ ತಪ್ಪು."

ಹೇಳಿದ ಮೇಲೆ ಅವನಿಗೇ ಏನೋ ಅನ್ನಿಸಿರಬೇಕು. ನನ್ನ ಕಡೆ ತಿರುಗಲಿಲ್ಲ. "ನಾನ ನಿನ್ನ ಕೈಯಾಗ ಬೀಡಿ ಹಚ್ಚಿಸಿ ತರಸ್ತಿದ್ನಿ," ಎಂದ ಸಣ್ಣ ದನಿಯಲ್ಲಿ. ನಾನು ಅದೆಲ್ಲ ಅಲ್ಲ ಬಿಡು ಎಂದೆ. ಹಳ್ಳಿಯ ಯಾವ ಮಗ ಅಪ್ಪನ ಬೀಡಿ ಹೊತ್ತಿಸಿಲ್ಲ? ಅವರೆಲ್ಲರ ಕಾಲು ನೆಟ್ಟಗಿವೆ. ಅವನು ಎದ್ದು ಬೀದಿಯ ಆ ಬದಿಗೆ, ಬೇವಿನ ಮರದ ಆಚೆಗೆ ಹೋಗಿ ಸೇದಿ ಬಂದ. ಆ ದಿನದಿಂದ ನಮ್ಮ ಮನೆಗೆ ಬಂದಾಗಲೆಲ್ಲ ಅಲ್ಲಿಗೇ ಹೋಗುತ್ತಾನೆ. ಗಾಳಿ ಈ ಕಡೆ ಬೀಸುತ್ತಿದ್ದರೆ ಇನ್ನೂ ಮುಂದೆ, ಮಸೂತಿಯ ಗೋಡೆಯ ತನಕ. ಬೀಡಿ ಬಿಡು ಎಂದು ನಾನು ಅವನಿಗೆ ಹೇಳಿಲ್ಲ. ಯಾವ ಬಾಯಿಂದ ಹೇಳಲಿ?

ಬಿಡುವುದು ನನಗೆ ಸಾಧ್ಯವಾಗಲಿಲ್ಲ. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಎದೆ ತೊಳೆದ ನೀರನ್ನು ಕಣ್ಣಾರೆ ಕಂಡ ಮೇಲೂ, ಹೆಂಡತಿಯ ಅಳು ಕಂಡ ಮೇಲೂ, ಹನ್ನೊಂದನೆಯ ದಿನ ಶಾಲೆಯ ಎದುರಿನ ಪಾನ್ ಅಂಗಡಿಗೆ ಹೋದೆ. ಕೋಲೂರಿಕೊಂಡು ರಸ್ತೆ ದಾಟಲು ನನಗೆ ಐದು ನಿಮಿಷ ಬೇಕಾಗುತ್ತಿತ್ತು. ಆ ಐದು ನಿಮಿಷದಲ್ಲಿ ಹಿಂದಿರುಗಬಹುದಿತ್ತು. ನಡೆಯಲು ಬಾರದ ಕಾಲು ಅಲ್ಲಿಗೆ ಮಾತ್ರ ಹೇಗೋ ಹೋಯಿತು. ಡಾಕ್ಟರು ಬರೆದುಕೊಟ್ಟ ಚೂಯಿಂಗ್ ಗಮ್ ಅಗಿದೆ, ಬಡೇಸೋಪು ಅಗಿದೆ, ಕಡಲೆ ಅಗಿದೆ. ಅಗಿಯುತ್ತ ಅಗಿಯುತ್ತಲೇ ಕೈ ಅಂಗಿಯ ಜೇಬಿಗೆ ಹೋಗುತ್ತಿತ್ತು.

ಒಂದು ಸಂಜೆ ಮಗಳು ಮೊಬೈಲ್ ಹಿಡಿದುಕೊಂಡು ಬಂದಳು. ಎಂಟನೆಯ ತರಗತಿ, ಮರಾಠಿ ಶಾಲೆ. ನಾನು ಕನ್ನಡ ಮಾಸ್ತರನಾದರೂ ಅವಳಿಗೆ ಕನ್ನಡ ಓದಲು ಅಷ್ಟಾಗಿ ಬರುವುದಿಲ್ಲ. "ಪಪ್ಪಾ, ಇಲ್ಲಿ ಮರಾಠ್ಯಾಗ ಎಲ್ಲಾ ಬರದಾರ. ಫುಪ್ಪುಸ, ಮೇಂದು, ಎಲ್ಲಾ. ಓದಲೇನು?" ಎಂದಳು. ಮೇಂದು ಎಂದರೆ ಮೆದುಳು. ಓದು ಎಂದೆ. ಅವಳು ಓದಿದಳು. ಹೊಗೆ, ಊತ, ಚಲನಶಕ್ತಿ ಕುಂದುವುದು. ನಡುವೆ ಒಂದು ಕಡೆ ನಿಂತಳು, ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡಳು, ಮೊಬೈಲ್ ಆರಿಸಿದಳು. "ಉಳದದ್ದು ಭಾಳ ಕಠೀಣ ಅದ, ನನಗ ತಿಳೀಲಿಲ್ಲ," ಎಂದಳು. ಅವಳಿಗೆ ತಿಳಿದಿತ್ತು. ಸುಳ್ಳು ಹೇಳುವಾಗ ಅವಳ ಕಿವಿ ಕೆಂಪಾಗುತ್ತದೆ. ಆ ಕೆಂಪು ಎರಡೂ ಕಣ್ಣಿಗೆ ಕಂಡಿತು.

ಆ ರಾತ್ರಿಯ ಊಟದ ಮೊದಲು ಜೇಬಿನ ಬೀಡಿ ಕಟ್ಟು ತೆಗೆದು ಹೆಂಡತಿಯ ಕೈಗೆ ಕೊಟ್ಟೆ. ಅವಳು ಅದನ್ನು ಎಸೆಯಲಿಲ್ಲ. "ನೀವ ಬಚ್ಚಲದ ಒಲಿಗೆ ಹಾಕ್ರಿ," ಎಂದಳು. ಹಾಕಿದೆ. ಎರಡು ಸಲ ಮತ್ತೆ ಜಾರಿದ್ದೇನೆ, ಒಮ್ಮೆ ಗೆಳೆಯನ ಮಗನ ಮದುವೆಯಲ್ಲಿ, ಒಮ್ಮೆ ಕಾರಣವೇ ಇಲ್ಲದೆ. ಎರಡು ಸಲವೂ ಡಾಕ್ಟರಿಗೆ ಹೇಳಿದೆ. ಅವರು ಕಾಗದದ ಮೇಲೆ ಬರೆದುಕೊಂಡರು, ಅಷ್ಟೇ. ಎರಡನೆಯ ಸಲದ ನಂತರ ಈಗ ಹತ್ತು ತಿಂಗಳಾಯಿತು.

ಬೀಡಿ ಬಿಟ್ಟ ಮೊದಲ ಬೇಸಿಗೆ, ಬಿಸಿಲು ತಾಳದೆ ನಾನು ಮನೆಯಲ್ಲಿ ಒದ್ದೆ ಟವೆಲ್ ಸುತ್ತಿಕೊಂಡು ಬಿದ್ದಿರುವುದನ್ನು ನೋಡಲಾಗದೆ ಅಣ್ಣ ಒಂದು ಟೆಂಪೊ ತಂದ. ಬೆಳಗಿನ ತಂಪಿನಲ್ಲೇ ಕುರನೂರ ಡ್ಯಾಮಿನ ಹಿನ್ನೀರಿಗೆ ಹೋದೆವು. ಅಣ್ಣ ಮತ್ತು ಹೆಂಡತಿ ಎರಡು ಬದಿಗೆ ಹಿಡಿದು ನನ್ನನ್ನು ಎದೆಮಟ್ಟದ ನೀರಿಗೆ ಇಳಿಸಿದರು. ಸ್ವಲ್ಪ ಹೊತ್ತಿನಲ್ಲಿ ಕಾಲು ಹಗುರಾಯಿತು. ಬಲಗಾಲಿನ ಬೆರಳುಗಳು ಕೆಳಗಿನ ರಾಡಿಯನ್ನು ಹಿಡಿದವು. ಒಂದು ಹೆಜ್ಜೆ ಇಟ್ಟೆ, ಮತ್ತೊಂದು ಇಟ್ಟೆ. ಯಾರ ಕೈಯನ್ನೂ ಹಿಡಿಯದೆ ಏಳೆಂಟು ಹೆಜ್ಜೆ ನಡೆದೆ.

"ನಡೀತಾರ ನೋಡ್ರಿ! ನಡೀತಾರ!" ಎಂದು ಹೆಂಡತಿ ಕೂಗಿದಳು. ಮಗಳು ದಡದ ಮೇಲಿನಿಂದ ವಿಡಿಯೊ ಮಾಡಿದಳು. ಅಣ್ಣ, "ಬಿಟ್ಟಿದ್ದು ಉಪಯೋಗ ಆತು ತಮ್ಮಾ," ಎಂದ. ನಾನೂ ಒಂದು ಗಳಿಗೆ ಹಾಗೇ ನಂಬಿದೆ. ನೀರಿನ ತಂಪಿಗೆ ನರ ತುಸು ಹೊತ್ತು ಮಾತು ಕೇಳುತ್ತದೆ, ಅದಕ್ಕೂ ಬೀಡಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಆದರೂ ನಂಬಿದೆ. ದಡ ಹತ್ತಿ ಬಟ್ಟೆ ಒಣಗುವಷ್ಟರಲ್ಲಿ ಬಿಸಿಲು ಏರಿತು. ಟೆಂಪೊದ ಮೆಟ್ಟಿಲು ಹತ್ತಲು ಇಬ್ಬರು ಎತ್ತಬೇಕಾಯಿತು. ಮಗಳ ಮೊಬೈಲಿನಲ್ಲಿ ಆ ವಿಡಿಯೊ ಇನ್ನೂ ಇದೆ, ನಾನು ಅದನ್ನು ನೋಡುವುದಿಲ್ಲ.

ಕಳೆದ ತಿಂಗಳು ಹೊಸ ಸ್ಕ್ಯಾನ್ ಆಯಿತು. ಆ ಬಲವಾದ ಔಷಧ ಹಾಕಲು ಶುರುಮಾಡಿದಾಗಿನಿಂದ ಹೊಸ ಚುಕ್ಕೆ ಒಂದೂ ಇಲ್ಲ. ಕೆಮ್ಮು ನಿಂತಿದೆ, ಎದೆಯ ನೆರಳು ಹೋಗಿದೆ. ಡಾಕ್ಟರ ಮುಖದಲ್ಲಿ ಖುಷಿ ಕಂಡಿತು.

"ಹಂಗಿದ್ದರ ಕಾಲು ಯಾಕ ಇನ್ನಾ ಸೋಲಾಕತ್ತಾವರಿ?" ಎಂದು ಕೇಳಿದೆ. ಈಗ ಶಾಲೆಯಲ್ಲಿ ನನಗೆ ತರಗತಿ ಕೊಡುವುದಿಲ್ಲ. ಮುಖ್ಯ ಮಾಸ್ತರ ಒಳ್ಳೆಯವರು, ಆಫೀಸಿನ ಒಳಗೆ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತೇನೆ, ಹೊರಗೆ ಗಾಲಿಕುರ್ಚಿ. ಅಕ್ಷರ ಓರೆಯಾಗಿದೆ.

"ಹೊಸ ದಾಳಿ ನಿಂತದ ಮಾಸ್ತರ. ಆದರ ಹಳೇ ಪೆಟ್ಟು ತಿಂದ ನರ ಒಳಗಿಂದೊಳಗ ಸವೀತಾವ. ಅದನ್ನ ತಡಿಯೋ ಔಷಧ ಇನ್ನಾ ಚಲೋತ್ನ್ಯಾಗ ಬಂದಿಲ್ಲ." "ನೀವು ನಿಮ್ಮ ಕೈಲಾದದ್ದು ಮಾಡೀರಿ," ಎಂದರು. ಸಮಾಧಾನಕ್ಕೆ ಹೇಳಿದ್ದು. ನನ್ನ ಕೈಲಾದದ್ದನ್ನು ನಾನು ಮಾಡಿದ್ದು ಎಷ್ಟು ತಡವಾಗಿ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೊರಗೆ ಬಂದು ಬಸ್ ಸ್ಟ್ಯಾಂಡಿಗೆ ರಿಕ್ಷಾ ಮಾಡಿದೆವು. ಹೆಂಡತಿ ಗಾಲಿಕುರ್ಚಿ ಮಡಚಿ ಕಾಲ ಬಳಿ ನಿಲ್ಲಿಸಿ ಹಿಡಿದುಕೊಂಡಳು. ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗ ಚಾಲಕ ಕಿವಿಯ ಮೇಲಿಟ್ಟ ಬೀಡಿ ತೆಗೆದು ಹೊತ್ತಿಸಿದ. ಹೊಗೆ ಹಿಂದಕ್ಕೆ ಬಂತು. ಹೆಂಡತಿ ತಕ್ಷಣ ಮುಂದಕ್ಕೆ ಬಗ್ಗಿ, "ಭಾವೂ, ಥೋಡೆ ವಿಝವಾ ನಾ. ಇವರಿಗೆ ತ್ರಾಸ ಆಗ್ತದ," ಎಂದು ಆರಿಸಲು ಹೇಳಿದಳು. ಆತ ಒಳ್ಳೆಯ ಮನುಷ್ಯ, ತಿರುಗಿ ನನ್ನನ್ನೂ ಕುರ್ಚಿಯನ್ನೂ ನೋಡಿ, "ಅರೇ, ಮಾಫ್ ಕರಾ," ಎಂದು ಬೀಡಿಯನ್ನು ಕೆಳಗೆ ಹಾಕಿ ಚಪ್ಪಲಿಯಿಂದ ಹೊಸಕಿದ.

ಆರಿಸಬೇಡ ಅನ್ನುವ ಮಾತು ನನ್ನ ಗಂಟಲತನಕ ಬಂದಿತ್ತು. ಉಳಿದ ಹೊಗೆಯನ್ನು ನಾನು ಸದ್ದಿಲ್ಲದೆ ಒಳಗೆಳೆದುಕೊಂಡೆ. ಹೆಂಡತಿ ಸೆರಗಿನಿಂದ ನನ್ನ ಮುಖದ ಮುಂದೆ ಗಾಳಿ ಬೀಸುತ್ತಿದ್ದಳು.